‘ಎಲ್ಲರಿಗೂ ಆಗುವುದೇ’ ಎನ್ನುವ ಮೊದಲು



ಕಳೆದ ವರ್ಷ ಮೊಂತಿ ಹಬ್ಬದ ನೊವೆನಾಕ್ಕೆ ನಮ್ಮ ಗಾಯನ ಮಂಡಳಿಯ ಅಭ್ಯಾಸ ನಡೆಯುತ್ತಿತ್ತು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಎರಡು ದಿನ ಬರಲಿಲ್ಲ. ಹಿಂದಿನ ತಿಂಗಳೂ ಹಾಗೆಯೇ ತಪ್ಪಿಸಿದ್ದಳು. ಮೂರನೆಯ ದಿನ ಬಂದಾಗ ಎಲ್ಲರ ಎದುರೇ ನಾನು, "ಪ್ರತಿ ತಿಂಗಳೂ ನಿನಗೊಬ್ಬಳಿಗೇ ಹೊಟ್ಟೆನೋವಾ? ನಾವೆಲ್ಲ ಹೆಣ್ಣುಮಕ್ಕಳಲ್ವಾ?" ಎಂದುಬಿಟ್ಟೆ. ಹುಡುಗರು ನಕ್ಕರು. ಅವಳು ಹಾಡಿನ ಪುಸ್ತಕವನ್ನು ಬೆಂಚಿನ ಮೇಲಿಟ್ಟು ಹೋದಳು. ಮತ್ತೆ ಮಂಡಳಿಗೆ ಬರಲಿಲ್ಲ.

ಮುಟ್ಟಿನ ಮೊದಲ ಎರಡು ದಿನ ಅವಳಿಗೆ ವಾಂತಿಯಾಗುತ್ತದೆ, ಶಾಲೆಗೂ ಹೋಗಲಾಗುವುದಿಲ್ಲ ಎಂದು ಆಮೇಲೆ ಅವಳ ತಾಯಿಯಿಂದ ತಿಳಿಯಿತು. "ಡಾಕ್ಟರಿಗೆ ತೋರಿಸಿದ್ದೀರಾ ಆಂಟಿ?" ಎಂದು ಕೇಳಿದೆ. "ಇದಕ್ಕೆಲ್ಲ ಡಾಕ್ಟರಾ? ನನಗೂ ಹೀಗೇ ಇತ್ತು" ಎಂದರು. ಆ ತಾಯಿ ನೋವನ್ನು ನಂಬಿದ್ದರು, ಅದಕ್ಕೆ ಮದ್ದಿದೆ ಎಂದು ನಂಬಿರಲಿಲ್ಲ. ನಾನಾದರೋ ನೋವನ್ನೇ ನಂಬಿರಲಿಲ್ಲ.

ಅಜ್ಜಿಯಂದಿರ ಕಾಲದ ಬಟ್ಟೆ ಹೋಗಿ ಪ್ಯಾಡ್ ಬಂದಿದೆ. 2018ರ ಜುಲೈಯಲ್ಲಿ ಅದರ ಮೇಲಿನ ಶೇ. 12 ಜಿಎಸ್‌ಟಿಯೂ ಹೋಯಿತು. ಸಂತೋಷ. ಆದರೆ ಪ್ಯಾಡ್ ಕೊಟ್ಟಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿದರೆ ಅದು ತಪ್ಪು.

ಗರ್ಭಕೋಶವನ್ನು ಹಿಂಡುವುದು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಅದು ಹೆಚ್ಚಿರುವವರಿಗೆ ನೋವೂ ಹೆಚ್ಚು. ವಾಂತಿ, ಭೇದಿಯೂ ಆಗಬಹುದು. ಆದ್ದರಿಂದ "ನನಗಿಲ್ಲದ್ದು ನಿನಗೇಕೆ" ಎಂಬ ಮಾತಿಗೆ ಅರ್ಥವಿಲ್ಲ. ವೈದ್ಯರು ಹೇಳಿದ ಮಾತ್ರೆಯನ್ನು ಸರಿಯಾದ ಹೊತ್ತಿಗೆ ತೆಗೆದುಕೊಂಡರೆ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ. ಕಡಿಮೆಯಾಗದಿದ್ದರೆ ಎಂಡೊಮೆಟ್ರಿಯೋಸಿಸ್‌ನಂತಹ ಕಾಯಿಲೆ ಇದೆಯೇ ಎಂದು ನೋಡಿಸಬೇಕು. ಏಳು ದಿನ ದಾಟಿಯೂ ರಕ್ತ ಹೋಗುತ್ತಿದ್ದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತುಂಬುತ್ತಿದ್ದರೆ ಕಾಯಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿದೆ. ನಾವು ಸೋಮಾರಿ ಎಂದು ಬೈಯುವ ಹುಡುಗಿಗೆ ರಕ್ತವೇ ಕಡಿಮೆ ಇರಬಹುದು.

ಕಾಸರಗೋಡಿನ ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಇನ್ನೊಂದು ತೊಡಕು. ಮನೆಯಲ್ಲಿ ಕೊಂಕಣಿ ಅಥವಾ ತುಳು, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ. ಇದರಲ್ಲಿ ಯಾವ ಭಾಷೆಯಲ್ಲೂ ಮುಟ್ಟಿನ ಬಗ್ಗೆ ಬಾಯಿಬಿಟ್ಟು ಹೇಳಿ ಅಭ್ಯಾಸವಿಲ್ಲ. ಬರೀ "ಹೊಟ್ಟೆನೋವು" ಎಂದರೆ ಗ್ಯಾಸಿನ ಮಾತ್ರೆ ಸಿಕ್ಕೀತು! ಆದ್ದರಿಂದ ತಾಯಂದಿರೇ, ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ಯಾವ ತಾರೀಕು, ಎಷ್ಟು ದಿನ, ಎಷ್ಟು ಪ್ಯಾಡ್, ಶಾಲೆ ತಪ್ಪಿದ್ದು ಎಷ್ಟು ದಿನ. ಅಂಕೆಗಳನ್ನು ಯಾವ ಡಾಕ್ಟರೂ ಓದಬಲ್ಲರು.

2023ರ ಜನವರಿಯಲ್ಲಿ ಕೇರಳ ಸರಕಾರ ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರಿಗೆ ಶೇ. 75ರ ಬದಲು ಶೇ. 73 ಹಾಜರಿ ಸಾಕೆಂದಿತು. ಸರಕಾರವೇ ನಂಬಿದ ನೋವನ್ನು ನಾವು ನಂಬಲು ಏನು ಅಡ್ಡಿ? ಹೆಣ್ಣುಮಕ್ಕಳನ್ನು ಹೀಗೆ ಬಿಟ್ಟುಕೊಟ್ಟರೆ ದುರ್ಬಲರಾಗುತ್ತಾರೆ ಎನ್ನುವವರಿದ್ದಾರೆ. ನಮ್ಮ ಮಂಡಳಿಯಿಂದ ಹೋದವಳು ದುರ್ಬಲಳಾಗಿರಲಿಲ್ಲ. ವಾಂತಿ ನಿಂತ ಮರುದಿನವೇ ಹಾಡಲು ಬಂದಿದ್ದಳು.

ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನ ಕತೆ ನಮಗೆಲ್ಲ ಗೊತ್ತು. ಯೇಸು ಜನಜಂಗುಳಿಯ ನಡುವೆ ನಿಂತು ಅವಳ ಮಾತನ್ನು ಪೂರ್ತಿ ಕೇಳಿದರು, ಮಗಳೇ ಎಂದು ಕರೆದರು. ನಾನು ಕೇಳುವ ಮೊದಲೇ ತೀರ್ಪು ಕೊಟ್ಟಿದ್ದೆ.

ನಮ್ಮ ಯುವಜನ ಸಂಘ ಮಾಡಬಹುದಾದದ್ದು ದೊಡ್ಡದೇನಲ್ಲ. ಚರ್ಚ್ ಹಾಲಿನ ಶೌಚಾಲಯದಲ್ಲಿ ನೀರು, ಚಿಲಕ, ಮುಚ್ಚಳವಿರುವ ಕಸದ ಬುಟ್ಟಿ, ಒಂದು ಪ್ಯಾಕೆಟ್ ಪ್ಯಾಡ್. ಅಭ್ಯಾಸಕ್ಕೆ ಬಾರದವರಿಂದ ಎಲ್ಲರೆದುರು ಕಾರಣ ಕೇಳದಿರುವುದು. ಹುಡುಗರೇ, ನಗದಿರುವುದಕ್ಕೆ ಖರ್ಚೇನೂ ಇಲ್ಲ.

ಅವಳ ಮನೆಗೆ ಹೋಗಿ ಕ್ಷಮೆ ಕೇಳಿದ್ದೇನೆ. ಈಗ ಡಾಕ್ಟರಿಗೂ ತೋರಿಸಿದ್ದಾರೆ. ಮಂಡಳಿಗೆ ಬರುತ್ತಾಳೋ ಇಲ್ಲವೋ, ಅದು ಅವಳ ಇಷ್ಟ. ಆಗಸ್ಟ್ 30ಕ್ಕೆ ನೊವೆನಾ ಶುರು. ಅವಳ ಹಾಡಿನ ಪುಸ್ತಕ ನನ್ನ ಬಳಿಯೇ ಇದೆ.