ಬಾವುಟದ ಫೋಟೋ ಸಾಕು, ಒಂದು ಫೋನ್ ಮಾಡಿ

2023ರ ನವೆಂಬರ್ 1, ಬುಧವಾರ. ನಿಮಗೆಲ್ಲ ರಜೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟು 50 ವರ್ಷ ಆಯ್ತೆಂಬ ಸಂಭ್ರಮ ಬೇರೆ. ಮುಂಬೈಯಲ್ಲಿ ಅಕೌಂಟ್ಸ್ ಕೆಲಸ ಮಾಡುವ ನನಗೆ ಮಾತ್ರ ಅದು ತಿಂಗಳ ಮೊದಲ ದಿನ, ಅಂದರೆ ಹಿಂದಿನ ತಿಂಗಳ ಲೆಕ್ಕ ಮುಗಿಸಲೇಬೇಕಾದ ದಿನ.

ಬೆಳಿಗ್ಗೆ ಡೊಂಬಿವಲಿಯಲ್ಲಿ ಜನರೇ ನನ್ನನ್ನು ಲೋಕಲ್‌ಗೆ ಹತ್ತಿಸಿದರು, ದಾದರಿನಲ್ಲಿ ಜನರೇ ಇಳಿಸಿದರು. ಹನ್ನೊಂದಕ್ಕೆ ಸರ್ವರ್ ಮಲಗಿತು. ಮೂರಕ್ಕೆ ಎದ್ದಾಗ ಲೆಕ್ಕದಲ್ಲಿ 12,400 ರೂಪಾಯಿ ವ್ಯತ್ಯಾಸ. ನನ್ನ ನಿರ್ಲಕ್ಷ್ಯವೇ ಕಾರಣ ಅಂತ ಸಾಹೇಬರು ಇಡೀ ವಿಭಾಗಕ್ಕೆ ಮೇಲ್ ಹಾಕಿದರು. ರಾತ್ರಿ ಎಂಟಕ್ಕೆ ಗೊತ್ತಾಯಿತು, ಬೇರೆ ಶಾಖೆಯವರು ಒಂದೇ ಬಿಲ್ಲನ್ನು ಎರಡು ಸಲ ಏರಿಸಿದ್ದರು. ಆಗ ಮೇಲ್ ಇಲ್ಲ, ಏನೂ ಇಲ್ಲ. 'ಓಕೆ, ಕ್ಲೋಸ್ ಮಾಡಿ' ಅಷ್ಟೇ.

ಇದರ ನಡುವೆ ಮೊಬೈಲಿನಲ್ಲಿ ಧಾರವಾಡದ ಗೆಳೆಯರಿಂದ ಹಳದಿ-ಕೆಂಪು ಬಾವುಟಗಳ ಸುರಿಮಳೆ. ಒಬ್ಬ ಬರೆದ: 'ನಿಂದೇನಪಾ, ಮುಂಬೈದಾಗ ಆರಾಮ ಅದೀ!' ಇನ್ನೊಬ್ಬ: 'ಹೊರಗ ಹೋದೋರು ಕನ್ನಡಾ ಮರತ ಬಿಡ್ತಾರ.'

ನನ್ನ ಜಗಳ ಇರೋದು ಈ ಎರಡು ಮಾತುಗಳ ಜೊತೆಗೇ. ಊರಿನವರು ನಮ್ಮನ್ನು ನೋಡುವುದೇ ಎರಡು ಕನ್ನಡಕದಲ್ಲಿ: ಒಂದು ಹೊಟ್ಟೆಕಿಚ್ಚಿನದು, ಇನ್ನೊಂದು ಆಪಾದನೆಯದು. ಕನ್ನಡ ನಾವು ಮರೆತಿಲ್ಲ ಸ್ವಾಮಿ, ಆಡಲು ಎದುರಿಗೆ ಜನ ಇಲ್ಲ. ನನ್ನ ಮರಾಠಿ ತರಕಾರಿ ಕೊಳ್ಳಲು ಸಾಕು, ಸಂಕಟ ಹೇಳಲು ಸಾಲದು. ಇಂಗ್ಲಿಷಿನಲ್ಲಿ ಹೇಳಿದರೆ ಅದು ಲಿಖಿತ ದೂರಾಗುತ್ತದೆ. 'ಏನ ಹೇಳ್ಲಿ ಮಾರಾಯಾ, ಇವತ್ತ ತಲೀ ಕೆಟ್ಟ ಹೋತು' ಅನ್ನೋದನ್ನ ಯಾರಿಗೆ ಹೇಳಲಿ? ಸಂಘಗಳಿಲ್ಲವೇ ಎನ್ನುತ್ತೀರಿ. ಇವೆ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ ದಶಕಗಳಿಂದ ದುಡಿದಿವೆ, ಅವಕ್ಕೆ ದೊಡ್ಡ ನಮಸ್ಕಾರ. ಆದರೆ ಬುಧವಾರ ರಾತ್ರಿ ಎಂಟಕ್ಕೆ ಬೇಕಾಗೋದು ವೇದಿಕೆ ಅಲ್ಲ, ಬೈದು ಸಮಾಧಾನ ಮಾಡೋ ಒಬ್ಬ ಗೆಳೆಯ.

ಇನ್ನು 'ಹೊರಗೆ' ಅನ್ನೋ ಮಾತು. 1956ರ ಅಕ್ಟೋಬರ್ 31ರವರೆಗೆ ಧಾರವಾಡ, ಮುಂಬೈ ಎರಡೂ ಒಂದೇ ರಾಜ್ಯದಲ್ಲಿದ್ದವು. ಅಲ್ಲಿಂದ ಇಲ್ಲಿಗೆ ಬಂದವನು ಹೊರನಾಡಿಗನೇ ಅಲ್ಲ. 2021ರಲ್ಲಿ 'ಮುಂಬೈ ಕರ್ನಾಟಕ'ವನ್ನು 'ಕಿತ್ತೂರು ಕರ್ನಾಟಕ' ಮಾಡಿದಿರಿ. ಒಳ್ಳೆಯದೇ, ಚೆನ್ನಮ್ಮನ ಹೆಸರಿಗೆ ಯಾರ ತಕರಾರು? ಆದರೆ ಹೆಸರಿನಿಂದ ಮುಂಬೈ ತೆಗೆದಂತೆ ಮನಸ್ಸಿನಿಂದ ಮುಂಬೈಯವರನ್ನು ತೆಗೆಯಬೇಡಿ. ನಡುವೆ ಇರೋದು ಒಂದು ರಾತ್ರಿಯ ಬಸ್ಸಿನ ದೂರ ಮಾತ್ರ.

ಅವತ್ತು ವಾಪಸ್ ಬರುವಾಗ ಲೋಕಲ್‌ನಲ್ಲಿ ನಿಂತೇ ಒಬ್ಬ ಗೆಳೆಯನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಬೆಳಿಗ್ಗೆ ಅವನಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು. ಸಿಟ್ಟು ನೆತ್ತಿಗೇರಿತು. ಏರಿದ್ದು ಹಾಗೇ ಇಳಿಯಿತು, ಯಾಕೆಂದರೆ ನಾನು ಊರಲ್ಲಿದ್ದಾಗ ಪುಣೆಗೆ ಹೋದ ಗೆಳೆಯನಿಗೆ ಎರಡು ವರ್ಷ ಒಂದು ಫೋನೂ ಮಾಡಿರಲಿಲ್ಲ. 'ಅವಂದೇನು, ಆರಾಮ ಅದಾನ' ಅಂತ ನಾನೂ ಅಂದವನೇ.

ಅವತ್ತೇ ಅವನ ನಂಬರ್ ಹುಡುಕಿ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಇಬ್ಬರೂ ನಮ್ಮ ನಮ್ಮ ಸಾಹೇಬರನ್ನು ಬೈದೆವು, ಅಚ್ಚ ಕನ್ನಡದಲ್ಲಿ. ಇಬ್ಬರ ರಾಜ್ಯೋತ್ಸವವೂ ಆಯಿತು, ಒಂದು ದಿನ ತಡವಾಗಿ.

ಮುಂದಿನ ನವೆಂಬರಿನಲ್ಲಿ ನೀವೂ ಬಾವುಟ ಕಳಿಸುವ ಮೊದಲು ಹೀಗೊಂದು ನಂಬರ್ ಹುಡುಕಿ. ಎತ್ತಿದವನು ಯಾವ ಭಾಷೆಯಲ್ಲಿ 'ಯಾರ್‍ರೀ' ಅಂತಾನೆ, ಕೇಳಿಸಿಕೊಳ್ಳಿ.