ಐದು ಸ್ಟಾರಿಗೆ ಮರುಳಾಗಬ್ಯಾಡ್ರಿ
ಅಕ್ಕಗೋಳೆ, ವೈನಿಗೋಳೆ, "ಐದು ಸ್ಟಾರ್ ಅದರಿ, ಕರೆಂಟು ಉಳೀತದ" ಅಂತ ಅಂಗಡಿಯವ ಅಂದಕೂಡಲೇ ಗೀಜರ್ ಹೊತಗೊಂಡು ಬರಬ್ಯಾಡ್ರಿ. ಗೀಜರಿನ ಸ್ಟಾರು ಹೇಳೂದು, ಟ್ಯಾಂಕಿನಾಗ ಕಾದ ನೀರು ಎಷ್ಟು ಬಿಸಿ ಕಳಕೋತದ ಅನ್ನೂದಷ್ಟ. ಕಾಯಿಸೂ ಖರ್ಚು ಯಾವ ಕಾಯಿಲಿಗೂ ಒಂದ: ನೂರು ಲೀಟರ್ ನೀರಿನ ಬಿಸಿ 25 ಡಿಗ್ರಿ ಏರಬೇಕಂದ್ರ ಸುಮಾರು 3 ಯುನಿಟ್.

ಹೀಟ್ ಪಂಪ್ ಹಂಗಲ್ಲ. ಫ್ರಿಜ್ಜು ಒಳಗಿನ ಬಿಸಿ ತಗದು ಹಿಂದ ಬಿಡತದಲ್ಲಾ, ಇದು ಹೊರಗಿನ ಗಾಳಿ ಬಿಸಿ ತಗದು ನೀರಿಗೆ ಕೊಡತದ. ನಮ್ಮ ಕಡೆ ಹವಾಕ್ಕ ಅದೇ ಕೆಲಸ ಒಂದು, ಒಂದೂವರಿ ಯುನಿಟ್ಟಿನಾಗ ಮುಗೀತದ.

"ರೇಟು ಭಾಳ" ಅಂತಾರ ಮನಿ ಗಂಡಸರು. ಖರೆ, ಗೀಜರಿಗಿಂತ ಭಾಳ ತುಟ್ಟಿ. ಆದ್ರ ದಿನಾ ಒಂದೂವರಿ ಯುನಿಟ್ ಉಳದ್ರ ವರ್ಷಕ್ಕ ಸುಮಾರು 550 ಯುನಿಟ್. ಅದನ್ನ ಯಾಕ ಲೆಕ್ಕಾ ಹಿಡಿಯೂದಿಲ್ಲ?

ಎಲ್ಲಾರಿಗೂ ಬೇಕಂತ ನಾ ಅನ್ನೂದಿಲ್ಲ. ಮಾಳಿಗಿ ನಿಮ್ಮದಿದ್ರ ಸೋಲಾರ್ ಹಾಕಸ್ರಿ. ಇಬ್ಬರೇ ಇದ್ರ ಸಣ್ಣ ಗೀಜರ್ ಸಾಕು. ಫ್ಲ್ಯಾಟಿನಾಗಿನ ತುಂಬಿದ ಮನಿಗೆ ಇದು ಛಲೋ. ನೀರು ನಿಧಾನ ಕಾಯತದ, ದೊಡ್ಡ ಟ್ಯಾಂಕ್ ಬೇಕು; ಮುಚ್ಚಿದ ಬಚ್ಚಲದಾಗ ಬ್ಯಾಡ, ಗಾಳಿ ಆಡೂ ಜಾಗಾದಾಗ ಇಡಸ್ರಿ.

ಹಂಡೇದ ಒಲಿ ಊದಿ ಕಣ್ಣು ಕೆಂಪ ಮಾಡಿಕೊಂಡೋರು ನಾವು. ಆರಿಸೂ ಮುಂದ ಮಾತ್ರ ನಮ್ಮನ್ನ ಯಾರೂ ಕೇಳೂದಿಲ್ಲ. ನೀವ ಅಂಗಡಿಗೆ ಹೋಗ್ರಿ. "ಸ್ಟಾರ್ ಎಷ್ಟು" ಅನಬ್ಯಾಡ್ರಿ, "ನೂರು ಲೀಟರಿಗೆ ಯುನಿಟ್ ಎಷ್ಟು?" ಅಂತ ಕೇಳ್ರಿ.