ಮಾಳಿಗೆ ಇಳಿಸುವ ಮುನ್ನ ಒಂದಿಷ್ಟು ಲೆಕ್ಕ

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಹಳೆಯ ಮನೆಗಳೆಂದರೆ ಮಣ್ಣಿನ ಮಾಳಿಗೆಯ ಮನೆಗಳು. ಗೋಡೆಯಿಂದ ಗೋಡೆಗೆ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಹಾಸು, ಆಮೇಲೆ ಸುಮಾರು ಒಂದು ಅಡಿ ದಪ್ಪ ಮಣ್ಣು. ಎಲ್ಲಕ್ಕೂ ಮೇಲಿನ ಪದರಕ್ಕೆ ಸವಳು ಮಣ್ಣು. ಸವಳಿನಲ್ಲಿ ಸೋಡಿಯಂ ಲವಣ ಹೆಚ್ಚು. ನೀರು ತಗುಲಿದೊಡನೆ ಜೇಡಿಯ ಕಣಗಳು ಉಬ್ಬಿ, ಬಿಡಿಬಿಡಿಯಾಗಿ ಹರಡಿ, ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತು ಹೊಲ ಸವಳಾದರೆ ರೈತ ತಲೆಯ ಮೇಲೆ ಕೈ ಹೊತ್ತು ಕೂಡುತ್ತಾನೆ. ಅದೇ ಸವಳು ಮನೆಯ ಮೇಲಿದ್ದರೆ ಸೋರಿಕೆ ತಡೆಯುತ್ತದೆ!

ಇಂಥ ಮಾಳಿಗೆಗಳು ಈಗ ಒಂದೊಂದಾಗಿ ಇಳಿಯುತ್ತಿವೆ. ಮುಖ್ಯ ಕಾರಣ ಭಾರ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆ ಎಂದುಕೊಳ್ಳಿ. ಒಂದು ಅಡಿ ದಪ್ಪದ ಒಣ ಮಣ್ಣು ಐದು ಟನ್ನಿಗೂ ಹೆಚ್ಚು ತೂಗುತ್ತದೆ. ಬಿಡದೆ ಮಳೆ ಹಿಡಿದು ಆ ಮಣ್ಣು ತನ್ನ ತೂಕದ ಹತ್ತರಲ್ಲೊಂದು ಪಾಲು ನೀರು ಕುಡಿದರೂ ಇನ್ನರ್ಧ ಟನ್ ಸೇರಿತು. ಕೆಳಗೆ ಗೆದ್ದಲು ತಿಂದ ಜಂತಿ. ಗೋಡೆಯೂ ನೆನೆದಿರುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಯಲ್ಲಿ ರಾಯಚೂರು ಜಿಲ್ಲೆಯೂ ಸೇರಿದಂತೆ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮಣ್ಣಿನ ಮನೆಗಳು ಬಿದ್ದದ್ದನ್ನು ಜನ ಮರೆತಿಲ್ಲ. ಮಲಗಿದವರ ಮೇಲೆ ಮಾಳಿಗೆ ಕುಸಿಯುವ ಭಯ ಹುಸಿ ಭಯವಲ್ಲ.

ಬದಲಿಗೆ ಬರುತ್ತಿರುವ ಹೊಸ ವಸ್ತುಗಳಲ್ಲಿ ಕಾಂಪೋಸಿಟ್ ಹೆಂಚು ಒಂದು. ಕಾಂಪೋಸಿಟ್ ಎಂದರೆ ಬೇರೆ ಬೇರೆ ಗುಣದ ವಸ್ತುಗಳ ಕೂಟ. ಹೆಸರು ಹೊಸದು, ವಿಚಾರ ಹಳೆಯದು. ಗೋಡೆಗೆ ಮೆತ್ತುವ ಮಣ್ಣಿಗೆ ಹುಲ್ಲು ಕಲಸಿ ತುಳಿಯುವುದಿಲ್ಲವೆ? ಮಣ್ಣು ಒತ್ತಡ ತಡೆಯುತ್ತದೆ, ಹುಲ್ಲು ಬಿರುಕು ಬಿಡದಂತೆ ಹಿಡಿದಿಡುತ್ತದೆ. ಪೇಟೆಯ ಹೆಂಚಿನಲ್ಲಿ ತೆಳು ಉಕ್ಕಿನ ತಗಡು, ಅದಕ್ಕೆ ಲೇಪ, ಲೇಪದ ಮೇಲೆ ಅಂಟಿಸಿದ ಕಲ್ಲಿನ ಹರಳು ಇರುತ್ತವೆ. ಚದರ ಮೀಟರಿಗೆ ಸುಮಾರು ಏಳು ಕೆ.ಜಿ. ಮೇಲಿನ ಕೋಣೆಗೆ ನೂರು ಕೆ.ಜಿ.ಯೊಳಗೇ ಮುಗಿಯಿತು.

ಸಿಮೆಂಟ್ ಶೀಟೂ ಇದೇ ಜಾತಿಯದು. ಆಸ್ಟ್ರಿಯಾದ ಲುಡ್ವಿಗ್ ಹಾಚೆಕ್ 1900ರ ಸುಮಾರಿಗೆ ಸಿಮೆಂಟಿನೊಡನೆ ಕಲ್ನಾರು ಬೆರೆಸಿ ಅದನ್ನು ತಯಾರಿಸಿದ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್ ತರಬಲ್ಲವು ಎಂಬುದು ಈಗ ಸಿದ್ಧವಾಗಿದೆ. ಗಟ್ಟಿಯಾಗಿರುವ ಶೀಟಿನಿಂದ ಅಪಾಯ ಕಡಿಮೆ. ಕೊರೆದಾಗ, ಕತ್ತರಿಸಿದಾಗ, ಒಡೆದಾಗ ಏಳುವ ಧೂಳೇ ಮಾರಿ. ಆ ಧೂಳಿನ ಎಳೆ ಪುಪ್ಪುಸ ಸೇರಿದರೆ ರೋಗ ಕಾಣಿಸುವುದಕ್ಕೆ ಇಪ್ಪತ್ತು, ನಲವತ್ತು ವರ್ಷ ಬೇಕಾದೀತು. ಆದ್ದರಿಂದ ಹಳೆ ಶೀಟನ್ನು ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿಯೇ ಇಳಿಸಬೇಕು. ಮೇಲಿಂದ ಎಸೆಯಬಾರದು. ಆ ಹೊತ್ತಿನಲ್ಲಿ ಮಕ್ಕಳನ್ನು ದೂರವಿಡಿ. ಒಡೆದ ತುಂಡನ್ನು ಆಟಕ್ಕೆ ಕೊಡಬೇಡಿ.

ಇನ್ನು ಗಾಳಿ. ಗಂಟೆಗೆ 72 ಕಿ.ಮೀ. ವೇಗದ ಗಾಳಿ ಚಾವಣಿಯನ್ನು ಚದರ ಮೀಟರಿಗೆ ಇಪ್ಪತ್ತು ಕೆ.ಜಿ.ಗೂ ಹೆಚ್ಚು ಬಲದಿಂದ ಮೇಲಕ್ಕೆ ಸೆಳೆಯಬಲ್ಲದು. ನಮ್ಮ ಕೋಣೆಗೆ ಅದು ಹೆಚ್ಚೂಕಡಿಮೆ ಕಾಲು ಟನ್. ಐದು ಟನ್ನಿನ ಮಾಳಿಗೆ ಜಪ್ಪೆನ್ನುವುದಿಲ್ಲ. ನೂರು ಕೆ.ಜಿ.ಯ ಹೆಂಚು ಮಾತ್ರ ಹಾರೀತು. ತಗಡಿನ ಮೇಲೆ ಕಲ್ಲು ಹೇರುವ ರೂಢಿ ಇದೆಯಲ್ಲ, ತಗಡು ಎದ್ದರೆ ಆ ಕಲ್ಲು ಬೀಳುವುದು ಯಾರ ತಲೆಯ ಮೇಲೆ? ಹೆಂಚನ್ನು ಚೌಕಟ್ಟಿಗೆ ಸ್ಕ್ರೂ ಹಾಕಿ ಬಿಗಿದರೆ ಸಾಲದು. ಚೌಕಟ್ಟನ್ನು ಗೋಡೆಗೂ ಕಟ್ಟಬೇಕು. ಮಣ್ಣಿನ ಗೋಡೆಯಾದರೆ ಮೇಲೆ ಕಾಂಕ್ರೀಟ್ ಪಟ್ಟಿ ಹಾಕಿ, ಕಬ್ಬಿಣದ ಸರಳನ್ನು ಕೆಳತನಕ ಇಳಿಸಬೇಕು. ಹೆಂಚಿನ ಲೆಕ್ಕ ಕೊಡುವ ಅಂಗಡಿಯವರು ಈ ಖರ್ಚನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ ನಲವತ್ತು ಡಿಗ್ರಿ ದಾಟುವುದು ಮಾಮೂಲು. ಅಡಿ ದಪ್ಪದ ಮಣ್ಣಿನಲ್ಲಿ ಮಧ್ಯಾಹ್ನದ ಕಾವು ಕೆಳಗಿಳಿಯುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಅಷ್ಟರಲ್ಲಿ ಮನೆಮಂದಿ ಚಾಪೆ ಹಿಡಿದು ಮಾಳಿಗೆ ಏರಿರುತ್ತಾರೆ. (ಇಳಿಜಾರು ಹೆಂಚಿನ ಮೇಲೆ ಮಲಗಲೂ ಆಗದು, ಮೆಣಸಿನಕಾಯಿ ಒಣಹಾಕಲೂ ಆಗದು.) ತಗಡಾದರೋ ನಿಮಿಷಗಳಲ್ಲಿ ಕಾಯುತ್ತದೆ, ಕೆಳಗೆ ಓದುತ್ತ ಕೂತ ಹುಡುಗನ ನೆತ್ತಿಗೆ ನೇರವಾಗಿ ಕಾವು ಸೂಸುತ್ತದೆ. ಇದು ವಿಕಿರಣ. ಗಾಳಿಯನ್ನು ದಾಟಿ ಬರುವ ಇದನ್ನು ಫ್ಯಾನು ತಡೆಯಲಾರದು. ಕಲ್ಲಿನ ಹರಳು ಮಳೆಯ ಸದ್ದನ್ನು ತಗ್ಗಿಸುತ್ತದೆ, ಲೇಪವನ್ನು ಕಾಪಾಡುತ್ತದೆ. ಕಾವು ತಡೆಯುವ ಶಕ್ತಿ ಆ ತೆಳು ಪದರಕ್ಕಿಲ್ಲ. ಹೆಂಚಿನ ಕೆಳಗೆ ಗಾಳಿಯಾಡುವ ಅಂತರ ಬಿಟ್ಟು ಒಳಚಾವಣಿ ಹಾಕಿದರೆ, ಇಲ್ಲವೆ ನಡುವೆ ಫೋಮ್ ತುಂಬಿದ ಹಲಗೆ ಬಳಸಿದರೆ ಮಾತ್ರ ಮಣ್ಣು ಮಾಡುತ್ತಿದ್ದ ಕೆಲಸ ಒಂದಷ್ಟು ನಡೆದೀತು. ದುಡ್ಡಿಲ್ಲದವರಿಗೆ ಸುಣ್ಣವಿದೆ. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ವರ್ಷಕ್ಕೊಮ್ಮೆ ಬಳಿಯಬೇಕು ಅಷ್ಟೆ.

ನಂಬಿಕೆ ಬರದಿದ್ದರೆ ಮಕ್ಕಳು ಮನೆಯಲ್ಲೇ ಪರೀಕ್ಷಿಸಲಿ. ಒಂದೇ ಅಳತೆಯ ಎರಡು ತಗಡಿನ ತುಂಡು, ಒಂದಕ್ಕೆ ಸುಣ್ಣ. ಎರಡನ್ನೂ ಇಟ್ಟಿಗೆಯ ಮೇಲೆ ಮಧ್ಯಾಹ್ನದ ಬಿಸಿಲಿಗೆ ಇಟ್ಟು, ಅರ್ಧ ಗಂಟೆಯ ಮೇಲೆ ಎರಡರ ಅಡಿಗೂ ಉಷ್ಣತೆ ನೋಡಬೇಕು. ಶಾಲೆಯ ಪ್ರಯೋಗಶಾಲೆಯ ಥರ್ಮಾಮೀಟರನ್ನೇ ಬಳಸಿ. ಜ್ವರ ನೋಡುವ ಗಾಜಿನ ಥರ್ಮಾಮೀಟರಿನ ಅಳತೆ 42 ಡಿಗ್ರಿಗೇ ಮುಗಿಯುತ್ತದೆ, ಆ ಬಿಸಿಲಿಗೆ ಅದು ಒಡೆದೇ ಹೋದೀತು.